ಪಾರ್ಕಿಂಗ್ ಸೆನ್ಸರ್ ಸುಮ್ನೆ ಕೂಗುತ್ತಿದೆಯಾ? ಬದಲಿಸುವ ಮುಂಚೆ ಇಷ್ಟು ನೋಡಿ

ಮೈಸೂರಿನ ಹಳೇ ಬಡಾವಣೆಗಳಲ್ಲಿ ರಸ್ತೆಗೂ ಮನೆ ಗೇಟಿಗೂ ನಡುವೆ ಒಂದು ಚರಂಡಿ, ಅದರ ಮೇಲೊಂದು ರ‍್ಯಾಂಪ್ ಇರುತ್ತದೆ. ಕಾರನ್ನು ರಿವರ್ಸ್‌ನಲ್ಲಿ ಒಳಗೆ ಬಿಡುವಾಗ ಹಿಂದೆ ಯಾರೂ ಇರುವುದಿಲ್ಲ. ಆದರೂ ಸೆನ್ಸರ್ ಬಡಿದುಕೊಳ್ಳಲು ಶುರು ಮಾಡುತ್ತದೆ. ಎಷ್ಟೋ ಜನ ಇದನ್ನು ನೋಡಿ ಸೆನ್ಸರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ರ‍್ಯಾಂಪು ಮೇಲಕ್ಕೆ ಏರುತ್ತಾ ಹೋಗುವುದರಿಂದ ಸೆನ್ಸರ್ ಹೊರಡಿಸಿದ ಸದ್ದು ಅದಕ್ಕೆ ತಗುಲಿ ನೇರ ವಾಪಸ್ ಬರುತ್ತದೆ. ಸೆನ್ಸರ್ ತನಗೆ ಕೇಳಿಸಿದ್ದನ್ನು ಹೇಳುತ್ತಿದೆ, ಅಷ್ಟೆ.

ಅಕ್ಕಪಕ್ಕದವರು, ನೆಂಟರು ಕಾರು ತಂದು ತೋರಿಸಿದಾಗ ನಾನು ಮೊದಲು ಕೇಳುವುದು ಇದನ್ನೇ: ಯಾವಾಗ ಕೂಗುತ್ತದೆ, ಯಾವಾಗ ಕೂಗುವುದಿಲ್ಲ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ನಾನು ನೋಡಿದ ಮಟ್ಟಿಗೆ, ನಿಜವಾಗಿ ಸತ್ತುಹೋದ ಸೆನ್ಸರ್ ಕಡಿಮೆ. ಮೆತ್ತಿಕೊಂಡ ಮಣ್ಣು, ದಪ್ಪಗೆ ಹೊಡೆದ ಪೇಂಟು, ಜಾಗ ತಪ್ಪಿದ ರಬ್ಬರ್ ರಿಂಗು, ಕಿಲುಬು ಹಿಡಿದ ಕನೆಕ್ಟರ್, ಇಲಿ ಕಡಿದ ವೈರು, ಇವೇ ಜಾಸ್ತಿ. ಇವೆಲ್ಲವನ್ನೂ ಮನೆ ಮುಂದೆಯೇ ಪತ್ತೆ ಮಾಡಬಹುದು.

ಶುರು ಮಾಡುವ ಮುಂಚೆ ನಿಮ್ಮ ಕಾರಿನಲ್ಲಿ ಇರುವುದು ಯಾವ ಬಗೆಯದು ಅಂತ ತಿಳಿದುಕೊಳ್ಳಿ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ತಯಾರಾದ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಹಾಗಾಗಿ ಅದಕ್ಕಿಂತ ಹೊಸ ಕಾರಾದರೆ ಕಂಪನಿಯಿಂದಲೇ ಬಂದಿರುತ್ತದೆ. ಹಳೇ ಕಾರಾದರೆ ಹೊರಗೆ ಆಕ್ಸೆಸರೀಸ್ ಅಂಗಡಿಯಲ್ಲಿ ಬಂಪರಿಗೆ ತೂತು ಕೊರೆಸಿ ಹಾಕಿಸಿದ ಕಿಟ್ ಇರಬಹುದು. ಎರಡೂ ಕೆಲಸ ಮಾಡುವ ರೀತಿ ಒಂದೇ, ಆದರೆ ವೈರಿಂಗ್ ಬೇರೆ. ಕಂಪನಿಯ ಸೆನ್ಸರಿಗೆ ಸಾಮಾನ್ಯವಾಗಿ ಮೂರು ಪಿನ್: ಪವರ್, ಅರ್ತ್, ಸಿಗ್ನಲ್. ಕಿಟ್ಟಿನ ಸೆನ್ಸರಿಂದ ಒಂದು ತೆಳ್ಳನೆ ಕೇಬಲ್ ಹೊರಟು ಡಿಕ್ಕಿಯ ಪಕ್ಕದಲ್ಲಿ ಅಂಟಿಸಿದ ಒಂದು ಪುಟ್ಟ ಡಬ್ಬಿಗೆ ಸೇರುತ್ತದೆ. ಆ ಡಬ್ಬಿಗೆ ಕರೆಂಟ್ ಬರುವುದು ರಿವರ್ಸ್ ಲೈಟಿನ ವೈರಿನಿಂದ.

ಆ ಪುಟ್ಟ ಬಿಲ್ಲೆ ಮಾಡುವ ಕೆಲಸ

ಬಂಪರಿನಲ್ಲಿ ಕಾಣುವ ದುಂಡನೆ ಬೊಟ್ಟು ಅಸಲಿಗೆ ಒಂದು ಪುಟ್ಟ ಅಲ್ಯೂಮಿನಿಯಂ ಬಟ್ಟಲು. ಅದರ ತಳ ಹೊರಗಡೆಗೆ ತಿರುಗಿರುತ್ತದೆ. ತಳದ ಒಳಮೈಗೆ ಒಂದು ಪೀಜೋ ಸೆರಾಮಿಕ್ ಬಿಲ್ಲೆ ಅಂಟಿಸಿರುತ್ತಾರೆ. ಕರೆಂಟ್ ಕೊಟ್ಟರೆ ಆ ಬಿಲ್ಲೆ ಅದುರುತ್ತದೆ, ಅದರ ಜೊತೆ ಬಟ್ಟಲಿನ ತಳವೂ ಅದುರುತ್ತದೆ. ಸೆಕೆಂಡಿಗೆ ಸುಮಾರು 40 ಸಾವಿರ ಸಲ, ಕೆಲವು ಕಾರುಗಳಲ್ಲಿ ಇನ್ನೂ ಜಾಸ್ತಿ. ಮನುಷ್ಯರ ಕಿವಿಗೆ 20 ಸಾವಿರದ ಮೇಲೆ ಕೇಳಿಸುವುದಿಲ್ಲ. ಅದಕ್ಕೇ ನಮಗೆ ಈ ಸದ್ದು ಗೊತ್ತೇ ಆಗುವುದಿಲ್ಲ.

ಈ ಸದ್ದು ಹಿಂದಿನ ಗೋಡೆಗೆ ತಗುಲಿ ವಾಪಸ್ ಬಂದಾಗ ಅದೇ ಬಿಲ್ಲೆ ಮತ್ತೆ ಅದುರಿ ಸಣ್ಣ ಕರೆಂಟ್ ಹುಟ್ಟಿಸುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರದ ಲೆಕ್ಕ. 20 ಡಿಗ್ರಿ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಗೋಡೆ ಒಂದು ಮೀಟರ್ ದೂರ ಇದ್ದರೆ ಹೋಗಿ ಬರಲು ಹೆಚ್ಚುಕಡಿಮೆ 6 ಮಿಲಿಸೆಕೆಂಡ್ ಸಾಕು.

ಇಲ್ಲೊಂದು ಸೂಕ್ಷ್ಮ ಇದೆ. ರಿಪೇರಿಯ ಅರ್ಧ ಗುಟ್ಟು ಇದರಲ್ಲೇ ಇದೆ. ಕೂಗುವ ಬಾಯಿಯೂ ಕೇಳುವ ಕಿವಿಯೂ ಒಂದೇ ಬಿಲ್ಲೆ. ದೇವಸ್ಥಾನದ ಗಂಟೆ ಬಾರಿಸಿ ಕೈ ತೆಗೆದ ಮೇಲೂ ಅದು ಗುಂಯ್ ಅನ್ನುತ್ತಲೇ ಇರುತ್ತದೆ, ಅಲ್ವಾ? ಸೆನ್ಸರ್ ಕೂಡ ಕೂಗು ನಿಲ್ಲಿಸಿದ ಮೇಲೆ ಸುಮಾರು ಒಂದು ಮಿಲಿಸೆಕೆಂಡ್ ಅದುರುತ್ತಲೇ ಇರುತ್ತದೆ. ಆ ಹೊತ್ತಿನಲ್ಲಿ ವಾಪಸ್ ಬಂದ ಸದ್ದನ್ನು ಅದು ಗುರುತಿಸಲಾರದು. ಹಾಗಾಗಿ ಬಂಪರಿನಿಂದ ಮೊದಲ 20 ಸೆಂಟಿಮೀಟರ್ ಆಸುಪಾಸು ಅದಕ್ಕೆ ಕುರುಡು ಜಾಗ. ಅಲ್ಲಿಗೆ ಬರುವ ಹೊತ್ತಿಗೆ ಬೀಪ್ ಒಂದೇ ಸಮನೆ ಬರುವಂತೆ ಮಾಡಿರುವುದು ಇದಕ್ಕೇ.

ಈಗ ಯೋಚಿಸಿ. ಯಾವುದೋ ಕಾರಣಕ್ಕೆ ಈ ಅದುರುವಿಕೆ ಬೇಗ ನಿಲ್ಲದೆ ಎಳೆದಾಡಿದರೆ ಏನಾಗುತ್ತದೆ? ತನ್ನದೇ ಅದುರುವಿಕೆಯನ್ನು ಸೆನ್ಸರ್ ಹತ್ತಿರದ ಗೋಡೆಯಿಂದ ಬಂದ ಸದ್ದು ಅಂದುಕೊಳ್ಳುತ್ತದೆ. ಖಾಲಿ ಮೈದಾನದಲ್ಲಿ ನಿಲ್ಲಿಸಿದರೂ ಕುಯ್ಯೋ ಅನ್ನುತ್ತದೆ. ಮಣ್ಣು, ನೀರಿನ ಹನಿ, ದಪ್ಪ ಪೇಂಟು, ಹರಿದ ರಿಂಗು, ಬಿರುಕು, ಇವೆಲ್ಲ ಮಾಡುವ ಕಿತಾಪತಿ ಬಹುಪಾಲು ಇದೇ.

ಮೊದಲು ಕಿವಿ, ಆಮೇಲೆ ಕೈ

ಮ್ಯಾನ್ಯುವಲ್ ಗೇರಿನ ಪೆಟ್ರೋಲ್, ಡೀಸೆಲ್ ಕಾರಾದರೆ ಈ ಪರೀಕ್ಷೆ ಸುಲಭ. ಸಮತಟ್ಟಾದ, ಹಿಂದೆ ಎರಡು ಮೀಟರಿಗೂ ಜಾಸ್ತಿ ಖಾಲಿ ಇರುವ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಇಟ್ಟಿಗೆಯೋ ಕಲ್ಲೋ ಕೊಡಿ. ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಇಗ್ನಿಷನ್ ಆನ್ ಮಾಡಿ ರಿವರ್ಸ್ ಗೇರಿಗೆ ಹಾಕಿ. ಈಗ ಹಿಂದೆ ಹೋಗಿ ಒಂದೊಂದು ಸೆನ್ಸರ್ ಹತ್ತಿರ ಕಿವಿ ಇಡಿ. ಟಿಕ್ ಟಿಕ್ ಟಿಕ್ ಅಂತ ತೀರಾ ಸಣ್ಣ ಸದ್ದು ಕೇಳಬೇಕು. ಬೆರಳ ತುದಿ ಮೆಲ್ಲಗೆ ತಾಗಿಸಿದರೆ ಸಣ್ಣ ಮಿಡಿತ ಗೊತ್ತಾಗುತ್ತದೆ. ಬೆಳಗಿನ ಜಾವ, ರಸ್ತೆಯಲ್ಲಿ ಗಾಡಿ ಓಡಾಟ ಇಲ್ಲದಾಗ ಮಾಡಿದರೆ ಒಳ್ಳೆಯದು.

ಆಟೊಮ್ಯಾಟಿಕ್ ಕಾರಾದರೆ ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿ ಹಿಡಿದಿರಲೇಬೇಕು, ಎಂಜಿನ್ ಆಫ್ ಇರಬೇಕು. ಎಲೆಕ್ಟ್ರಿಕ್ ಕಾರಿಗೆ ಈ ಪರೀಕ್ಷೆ ಬೇಡವೇ ಬೇಡ. ಅದು ರಿವರ್ಸಿಗೆ ಬೀಳಬೇಕಾದರೆ ಓಡಲು ತಯಾರಾಗಿರಬೇಕು. ಅಂಥ ಕಾರಿನ ಹಿಂದೆ ಬಗ್ಗಿ ಕೂರುವುದು ಜೀವದ ಮೇಲೆ ಆಟ.

ಮೂರು ಸೆನ್ಸರ್ ಟಿಕ್ ಅಂತಿವೆ, ಒಂದು ಸುಮ್ಮನಿದೆ ಅಂದರೆ ತೊಂದರೆ ಆ ಒಂದರದ್ದು ಅಥವಾ ಅದರ ವೈರಿನದ್ದು. ಹೊರಗೆ ಹಾಕಿಸಿದ ಕಿಟ್ಟಿನಲ್ಲಿ ಯಾವುದೂ ಟಿಕ್ ಅನ್ನದಿದ್ದರೆ ಮೊದಲು ಸೆನ್ಸರಿನ ಕಡೆ ನೋಡಬೇಡಿ. ಎಲ್ಲ ಸೆನ್ಸರ್ ಒಂದೇ ದಿನ ಕೆಡುವುದು ಅಪರೂಪ. ಬಹುಶಃ ಅಲ್ಲಿ ಕರೆಂಟೇ ಬರುತ್ತಿಲ್ಲ. ಆದರೆ ಕಂಪನಿಯಿಂದಲೇ ಸೆನ್ಸರ್ ಬಂದ ಬಹಳಷ್ಟು ಕಾರುಗಳಲ್ಲಿ ಒಂದು ಸೆನ್ಸರ್ ಕೆಟ್ಟರೂ ಹಿಂದಿನ ಇಡೀ ಸಾಲು ಬಂದ್ ಆಗುತ್ತದೆ. ರಿವರ್ಸ್ ಹಾಕಿದ ತಕ್ಷಣ ಮಾಮೂಲಿ ಬೀಪ್ ಬದಲು ಉದ್ದನೆಯ ಬೇರೆ ಥರದ ಸದ್ದು ಬಂದರೆ ಅದು ಕಾರೇ ಹೇಳುತ್ತಿರುವ ದೂರು. ಆ ಸದ್ದಿನ ಅರ್ಥ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ. ಒಂದು ಸಲ ತೆಗೆದು ಓದಿ.

ಎಲ್ಲವೂ ಸುಮ್ಮನಿದ್ದು, ಕಾರಿನಲ್ಲಿ ಇರುವುದು ಹೊರಗೆ ಹಾಕಿಸಿದ ಕಿಟ್ಟಾದರೆ, ಮೊದಲು ರಿವರ್ಸ್ ಲೈಟ್ ಉರಿಯುತ್ತಿದೆಯಾ ನೋಡಿ. ಉರಿಯದಿದ್ದರೆ ಫ್ಯೂಸ್ ಹೋಗಿರಬಹುದು, ಗೇರ್ ಬಾಕ್ಸಿನಲ್ಲಿರುವ ರಿವರ್ಸ್ ಸ್ವಿಚ್ ಕೆಟ್ಟಿರಬಹುದು. ಬರೀ ಬಲ್ಬ್ ಸುಟ್ಟಿದ್ದರೆ ಡಬ್ಬಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ, ಅದರಿಂದ ಸೆನ್ಸರ್ ನಿಲ್ಲುವುದಿಲ್ಲ. ಲೈಟ್ ಉರಿಯುತ್ತಿದ್ದೂ ಸೆನ್ಸರ್ ಸತ್ತಂತಿದ್ದರೆ ಲೈಟಿನ ವೈರಿನಿಂದ ಡಬ್ಬಿಗೆ ಎಳೆದ ಜಾಯಿಂಟ್ ನೋಡಿ. ಅಂಗಡಿಯಲ್ಲಿ ಅವಸರಕ್ಕೆ ವೈರ್ ತಿರುಚಿ ಟೇಪ್ ಸುತ್ತಿರುತ್ತಾರೆ. ಬಿಸಿಲಿಗೆ ಟೇಪಿನ ಅಂಟು ಬಿಡುತ್ತದೆ, ವೈರ್ ಸಡಿಲವಾಗುತ್ತದೆ. ಮಲ್ಟಿಮೀಟರ್ ಇದ್ದರೆ ಡಬ್ಬಿಯ ಪವರ್ ಪ್ಲಗ್ಗಿನಲ್ಲಿ ಸುಮಾರು 12 ವೋಲ್ಟ್ ಬರಬೇಕು.

ಖಾಲಿ ಜಾಗದಲ್ಲೂ ಕೂಗಿದರೆ

ಜಾಸ್ತಿ ಜನರ ಗೋಳು ಇದೇ. ಮದ್ದೂರಿನ ಕಡೆಯ ನನ್ನ ಸೋದರಮಾವನ ಮಗ ಕಾರು ತಂದು ಮನೆ ಮುಂದೆ ನಿಲ್ಲಿಸಿ, "ಬಾವ, ರಿವರ್ಸ್ ಹಾಕುದ್ರೆ ಸಾಕು ಕುಯ್ಯೋ ಅಂತದೆ, ಕಿತ್ತಾಕ್ಬುಡನ ಅನ್ಸ್ತದೆ" ಅಂದ. ಬಂಪರ್ ಉಜ್ಜಿಹೋಗಿತ್ತಂತೆ, ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದ್ದ. ಕಾಟ ಶುರುವಾಗಿದ್ದು ಆಮೇಲೆ.

ಬಗ್ಗಿ ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಸೆನ್ಸರಿನ ಮುಖಕ್ಕೂ ಬಂಪರಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಆ ಸಂದಿನಲ್ಲಿ ಮೆತ್ತನೆ ಸಿಲಿಕೋನ್ ರಿಂಗ್ ಕೂತಿರುತ್ತದೆ. ಸೆನ್ಸರಿನ ಅದುರುವಿಕೆ ಬಂಪರಿಗೆ ದಾಟದ ಹಾಗೆ ತಡೆಯುವುದೇ ಆ ರಿಂಗಿನ ಕೆಲಸ. ಮೂರು ಸೆನ್ಸರಿನಲ್ಲಿ ಸಂದು ಸರಿಯಾಗಿತ್ತು, ಉಗುರು ಓಡಿಸಿದರೆ ಗೊತ್ತಾಗುತ್ತಿತ್ತು. ಬಲಗಡೆ ತುದಿಯದರಲ್ಲಿ ಪೇಂಟು ಸಂದಿಗೆ ಇಳಿದು, ಒಣಗಿ, ಮೇಲೊಂದು ಹೊಪ್ಪಳೆ ಕಟ್ಟಿತ್ತು. ಸೆನ್ಸರೂ ಬಂಪರೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬಂಪರ್ ಪೂರ್ತಿ ಅದರ ಜೊತೆ ಅದುರುತ್ತಿದ್ದರೆ ಸೆನ್ಸರಿಗೆ ತನ್ನ ಸದ್ದೇ ನಿಲ್ಲದೆ ಕೇಳುತ್ತಿರುತ್ತದೆ. ಬ್ಲೇಡಿನ ತುದಿಯಿಂದ ಸಂದಿನ ಸುತ್ತ ಮೆಲ್ಲಗೆ ಗೀರಿ, ಸೆನ್ಸರನ್ನು ಹೊರಗೆ ತೆಗೆದು, ರಿಂಗಿನ ಮೇಲಿನ ಪೇಂಟು ಸುಲಿದು ಮತ್ತೆ ಕೂರಿಸಿದ ಮೇಲೆ ಸುಮ್ಮನಾಯಿತು. ಸೆನ್ಸರಿನ ಮುಖದ ಮೇಲೇ ದಪ್ಪ ಪೇಂಟು ಅಥವಾ ಪುಟ್ಟಿ ಕೂತಿದ್ದರೆ ಮಾತ್ರ ಇಷ್ಟು ಸುಲಭ ಅಲ್ಲ. ಥಿನ್ನರ್ ಹಾಕಿ ಉಜ್ಜಿದರೆ ರಿಂಗೂ ಪ್ಲಾಸ್ಟಿಕ್ಕೂ ಹಾಳು. ಅಂಥದ್ದನ್ನು ಬದಲಿಸುವುದೇ ಸರಿ. ಬಂಪರ್ ಪೇಂಟಿಗೆ ಕೊಡುವ ಮುಂಚೆ ಸೆನ್ಸರ್ ಬಿಚ್ಚಿಸಿ ಅಂತ ಬಾಯಿ ಬಿಟ್ಟು ಹೇಳಿ. ಎರಡು ನಿಮಿಷದ ಮಾತು ಇದು.

ಪೇಂಟ್ ಮಾಡಿಸಿಲ್ಲ ಅಂದರೆ ತೊಳೆಯುವುದರಿಂದ ಶುರು ಮಾಡಿ. ಮಂಡ್ಯ ಕಡೆ ನಾಲೆ ಏರಿ ಮೇಲೆ, ಗದ್ದೆ ಬದಿಯ ರಸ್ತೆಯಲ್ಲಿ ಓಡಾಡುವ ಕಾರುಗಳ ಹಿಂದಿನ ಬಂಪರಿಗೆ ಕೆಸರು ಸಿಡಿದು ಒಣಗಿರುತ್ತದೆ. ಮೇಲಿನ ಮಣ್ಣು ಮಳೆಗೆ ಹೋದರೂ ಸಂದಿನೊಳಗಿನದು ಹೋಗುವುದಿಲ್ಲ. ಕಾರ್ ಶಾಂಪೂ ಕಲಸಿದ ನೀರಲ್ಲಿ ಹತ್ತು ನಿಮಿಷ ನೆನೆಯಲು ಬಿಟ್ಟು, ಹಳೇ ಮೆತ್ತನೆ ಟೂತ್ ಬ್ರಷ್‌ನಿಂದ ಸುತ್ತ ಉಜ್ಜಿ. ಸ್ಕ್ರೂಡ್ರೈವರ್, ಸೇಫ್ಟಿ ಪಿನ್ ಬೇಡ. ವಾಟರ್ ವಾಷ್ ಮಾಡಿಸುವಾಗ ಪ್ರೆಷರ್ ಗನ್ನನ್ನು ಸೆನ್ಸರಿಗೆ ಹತ್ತಿರ ಹಿಡಿಯಬಾರದು ಅಂತ ಹೇಳಿ. ನೀರು ರಿಂಗ್ ದಾಟಿ ಒಳಗೆ ಹೋಗುತ್ತದೆ.

ಚಳಿಗಾಲದ ಬೆಳಗ್ಗೆ ಮಾತ್ರ ಕೂಗಿ, ಬಿಸಿಲು ಬಂದ ಮೇಲೆ ಸರಿಯಾದರೆ ಅದು ಇಬ್ಬನಿ. ಒಣ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಆದರೆ ಪ್ರತಿ ಮಳೆಯ ನಂತರವೂ ಎರಡು ಮೂರು ದಿನ ಕಾಟ ಕೊಟ್ಟು ಆಮೇಲೆ ತಾನಾಗಿ ಸರಿಹೋದರೆ ಸೆನ್ಸರಿನ ಒಳಗೋ ಕನೆಕ್ಟರಿಗೋ ನೀರು ಇಳಿಯುತ್ತಿದೆ ಅಂತ ಅರ್ಥ.

ಊರಿಂದ ಬರುವಾಗ ಡಿಕ್ಕಿಯಲ್ಲಿ ಅಕ್ಕಿ ಮೂಟೆ, ಬೆಲ್ಲ, ತೆಂಗಿನಕಾಯಿ ತುಂಬಿಕೊಂಡು ಹಿಂದೆ ಮೂವರು ಕೂತಾಗ ಮಾತ್ರ ಕೂಗುತ್ತದಾ? ಹಿಂಭಾಗ ಕುಸಿದು ಸೆನ್ಸರಿನ ಮುಖ ನೆಲದ ಕಡೆ ವಾಲಿದೆ. ಅದಕ್ಕೆ ನೆಲವೇ ಅಡ್ಡಿಯಾಗಿ ಕಾಣುತ್ತಿದೆ. ಇದೇ ತೊಂದರೆ ಖಾಲಿ ಕಾರಿನಲ್ಲೂ ಇದ್ದರೆ ಸೆನ್ಸರ್ ಕೂತಿರುವ ಕೋನ ತಪ್ಪಾಗಿರಬಹುದು. ಹೊರಗಿನ ಕಿಟ್‌ಗಳ ಸೆನ್ಸರ್ ಹಿಂಭಾಗದಲ್ಲಿ ಸಾಮಾನ್ಯವಾಗಿ ಒಂದು ಬಾಣದ ಗುರುತು ಇರುತ್ತದೆ, ಅದು ಮೇಲಕ್ಕೆ ಮುಖ ಮಾಡಿರಬೇಕು. ತಿರುಗಿಸಿ ಹಾಕಿದರೆ ನೆಲ ನೋಡುತ್ತದೆ. ನೆಲದಿಂದ ಅರ್ಧ ಮೀಟರ್ ಆಸುಪಾಸಿನ ಎತ್ತರದಲ್ಲಿ ಇದ್ದರೆ ಸರಿ. ತೀರಾ ಕೆಳಗೆ ಕೊರೆಸಿದ್ದರೆ ಏನು ಮಾಡಿದರೂ ಕೂಗುತ್ತದೆ. ಹಾಗೇ ಬಂಪರಿಗೆ ಯಾರೋ ತಗುಲಿಸಿ ಸೆನ್ಸರ್ ಒಳಕ್ಕೆ ತಳ್ಳಿಕೊಂಡಿದ್ದರೆ, ಹಿಂದೆ ಕಬ್ಬಿಣದ ಗಾರ್ಡು ಹಾಕಿಸಿದ್ದರೆ, ನಂಬರ್ ಪ್ಲೇಟಿನ ಫ್ರೇಮು ಸಡಿಲವಾಗಿ ಹೊರಕ್ಕೆ ಬಾಗಿದ್ದರೆ ಅವುಗಳಿಗೇ ಸದ್ದು ತಗುಲಿ ವಾಪಸ್ ಬರುತ್ತದೆ.

ಬಸ್ ಸ್ಟ್ಯಾಂಡ್ ಹತ್ತಿರ ಮಾತ್ರ ಇದ್ದಕ್ಕಿದ್ದಂತೆ ಒಂದೆರಡು ಬೀಪ್ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಬಸ್ಸಿನ ಏರ್ ಬ್ರೇಕ್ ಬುಸ್ ಅನ್ನುವಾಗ ಹೊರಡುವ ಸದ್ದಿನಲ್ಲಿ ನಮ್ಮ ಕಿವಿಗೆ ಕೇಳದ ಭಾಗವೂ ಇರುತ್ತದೆ. ಸೆನ್ಸರ್ ಅದನ್ನು ಕೇಳಿಸಿಕೊಳ್ಳುತ್ತದೆ.

ಅದಲು ಬದಲು ಮಾಡಿ ನೋಡುವುದು

ತೊಳೆದಾಯಿತು, ರಿಂಗ್ ಸರಿ ಇದೆ, ಆದರೂ ಒಂದು ಮೂಲೆ ಸರಿಹೋಗಲಿಲ್ಲ. ಸೆನ್ಸರ್ ಕೆಟ್ಟಿದೆಯಾ, ವೈರಾ? ಇದಕ್ಕೆ ನನಗೆ ತುಂಬಾ ನಂಬಿಕೆ ಇರುವ ಪರೀಕ್ಷೆ ಅದಲು ಬದಲು. ಇಗ್ನಿಷನ್ ಆಫ್ ಮಾಡಿ, ಅನುಮಾನ ಇರುವ ಸೆನ್ಸರನ್ನು ಪಕ್ಕದ ಒಳ್ಳೆ ಸೆನ್ಸರಿನ ಜಾಗಕ್ಕೆ ಹಾಕಿ, ಒಳ್ಳೆಯದನ್ನು ಇದರ ಜಾಗಕ್ಕೆ ಹಾಕಿ. ತೊಂದರೆ ಸೆನ್ಸರಿನ ಜೊತೆಯಲ್ಲೇ ಹೋದರೆ ಸೆನ್ಸರ್ ಕೆಟ್ಟಿದೆ. ತೊಂದರೆ ಹಳೇ ಮೂಲೆಯಲ್ಲೇ ಉಳಿದರೆ ಸೆನ್ಸರ್ ಚೆನ್ನಾಗಿದೆ, ವೈರೋ ಕನೆಕ್ಟರೋ ಕೆಟ್ಟಿದೆ. ಹೊರಗಿನ ಕಿಟ್ಟಾದರೆ ಬಂಪರಿಗೆ ಕೈ ಹಾಕುವುದೂ ಬೇಡ. ಡಬ್ಬಿಯ ಹತ್ತಿರ ಎ, ಬಿ, ಸಿ, ಡಿ ಅಂತ ಗುರುತಿರುವ ಪ್ಲಗ್ಗುಗಳನ್ನೇ ಅದಲು ಬದಲು ಮಾಡಿ ನೋಡಬಹುದು. ಆಗ ತೊಂದರೆ ಕೇಬಲ್ಲಿನ ಜೊತೆ ಹೋದರೆ ಸೆನ್ಸರ್ ಅಥವಾ ಕೇಬಲ್. ಡಬ್ಬಿಯ ಅದೇ ತೂತಿನಲ್ಲಿ ಉಳಿದರೆ ಡಬ್ಬಿಯೇ ಹೋಗಿದೆ.

ಸೆನ್ಸರಿಗೆ ಮಲ್ಟಿಮೀಟರ್ ಇಟ್ಟು ಓಮ್ಸ್ ಅಳೆದು ಒಳ್ಳೆಯದು, ಕೆಟ್ಟದ್ದು ಅಂತ ತೀರ್ಮಾನ ಮಾಡುವವರಿದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಓಮ್ಸ್ ಅಂದರೆ ಕರೆಂಟಿಗೆ ಇರುವ ತಡೆ. ಅದನ್ನು ಅಳೆಯಲು ಮೀಟರ್ ಬಿಡುವುದು ಒಂದೇ ದಿಕ್ಕಿಗೆ ಹರಿಯುವ ಕರೆಂಟ್ (ಡಿಸಿ), ಪೀಜೋ ಬಿಲ್ಲೆ ಅದನ್ನು ಹರಿಯಲು ಬಿಡುವುದೇ ಇಲ್ಲ. ಮೂರು ಪಿನ್ನಿನ ಸೆನ್ಸರಿನೊಳಗೆ ಪುಟ್ಟ ಸರ್ಕ್ಯೂಟೇ ಇರುತ್ತದೆ. ಮೀಟರ್ ತೋರಿಸುವ ಅಂಕಿ ಅದರದ್ದು, ಬಿಲ್ಲೆಯದ್ದಲ್ಲ. ಮೀಟರ್ ಬಳಸಬೇಕಾದ್ದು ಕಾರಿನ ಕಡೆಯ ಕನೆಕ್ಟರಿನಲ್ಲಿ. ಅಲ್ಲಿ ಪವರ್ ಪಿನ್ನಿಗೂ ಅರ್ತ್ ಪಿನ್ನಿಗೂ ನಡುವೆ ಬ್ಯಾಟರಿ ವೋಲ್ಟೇಜ್ ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ ಬರಬೇಕು. ಪಕ್ಕದ ಕನೆಕ್ಟರಿನಲ್ಲಿ ಬರುತ್ತಿದ್ದು ಇಲ್ಲಿ ಬರದಿದ್ದರೆ ವೈರ್ ತುಂಡಾಗಿದೆ.

ಕನೆಕ್ಟರ್ ಬಿಚ್ಚಿದಾಗ ಪಿನ್ನಿನ ಸುತ್ತ ಹಸಿರು ಕಿಲುಬು ಕಂಡರೆ ಕಳ್ಳ ಸಿಕ್ಕಿದ ಹಾಗೆ. ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು, ಸಣ್ಣ ಬ್ರಷ್‌ನಿಂದ ತಿಕ್ಕಿ, ಒಣಗಲು ಬಿಟ್ಟು, ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಯಲು ಬಿಡದ ಗ್ರೀಸ್) ತೆಳ್ಳಗೆ ಸವರಿ ಮತ್ತೆ ಹಾಕಿ. ಮಾಮೂಲಿ ಬೇರಿಂಗ್ ಗ್ರೀಸ್ ಬೇಡ. ಪಿನ್ ಸವೆದು ತುಂಡಾಗುವ ಹಾಗಿದ್ದರೆ ಕನೆಕ್ಟರ್ ಬದಲಿಸಬೇಕು.

ಇಲಿ ಕಾಟ ಮೈಸೂರಲ್ಲೂ ಇದೆ, ಗದ್ದೆ ಪಕ್ಕದ ಮಂಡ್ಯದ ಊರುಗಳಲ್ಲಂತೂ ಹೇಳುವುದೇ ಬೇಡ. ಬಂಪರಿನ ಒಳಗಡೆ ಬೆಚ್ಚಗಿನ ಜಾಗ, ವೈರು ಹಲ್ಲಿಗೆ ಮೆತ್ತಗೆ ಸಿಗುತ್ತದೆ. ಟಾರ್ಚ್ ಹಿಡಿದು ಕೆಳಗಿನಿಂದ ನೋಡಿದರೆ ಹಲ್ಲಿನ ಗುರುತು, ಹಿಕ್ಕೆ, ಹುಲ್ಲು ಕಾಣುತ್ತದೆ. ಕಡಿದ ವೈರನ್ನು ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಸಾಲ್ಡರ್ ಮಾಡಿ, ಬಿಸಿ ಮಾಡಿದರೆ ಬಿಗಿಯಾಗುವ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ, ವೈರು ಜೋತಾಡದಂತೆ ಟೈ ಕಟ್ಟಿ. ಕಿಟ್ಟಿನ ಕೇಬಲ್ಲಿನಲ್ಲಿ ಒಳಗಿನ ತಂತಿಯ ಸುತ್ತ ಬಲೆಯಂತೆ ಹೆಣೆದ ಇನ್ನೊಂದು ತಂತಿ ಇರುತ್ತದೆ. ಅದು ಸುತ್ತಲಿನ ಬೇರೆ ವೈರುಗಳಿಂದ ಸಿಗ್ನಲಿಗೆ ಆಗುವ ಅಡಚಣೆ ತಡೆಯಲು. ಜಾಯಿಂಟ್ ಮಾಡುವಾಗ ಅದನ್ನೂ ಸೇರಿಸಲೇಬೇಕು, ಇಲ್ಲದಿದ್ದರೆ ಹುಚ್ಚುಹುಚ್ಚಾಗಿ ಬೀಪ್ ಬರುತ್ತದೆ.

ಬದಲಿಸಲೇಬೇಕಾದರೆ

ಹೊರಗಿನ ಕಿಟ್ಟಿನಲ್ಲಿ ಒಂದು ಸೆನ್ಸರ್ ಸತ್ತಿದ್ದು ಅದೇ ಕಿಟ್ಟಿನ ಬಿಡಿ ಸೆನ್ಸರ್ ಸಿಗದಿದ್ದರೆ ಇಡೀ ಕಿಟ್ ಬದಲಿಸಿ. ಬೇರೆ ಕಿಟ್ಟಿನ ಸೆನ್ಸರನ್ನು ಈ ಡಬ್ಬಿಗೆ ಹೊಂದಿಸಲು ಹೋದರೆ ದೂರದ ಲೆಕ್ಕ ತಪ್ಪುತ್ತದೆ. ಹೊಸ ಕಿಟ್ ತರುವಾಗ ಬಂಪರಿನ ಹಳೇ ತೂತಿನ ಅಳತೆ ನೋಡಿಕೊಂಡು ಹೋಗಿ.

ಕಂಪನಿಯ ಸೆನ್ಸರಾದರೆ ಹಳೆಯದರ ಹಿಂಭಾಗದ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡು ಅದೇ ನಂಬರಿನದ್ದನ್ನು ತನ್ನಿ. ನೋಡಲು ಒಂದೇ ಥರ ಇದ್ದರೂ ಕನೆಕ್ಟರ್, ಒಳಗಿನ ಸರ್ಕ್ಯೂಟ್ ಬೇರೆ ಇರುತ್ತದೆ. ಜೊತೆಗೆ ಹೊಸ ಸಿಲಿಕೋನ್ ರಿಂಗೂ ಕೇಳಿ. ಬಣ್ಣ ಹೊಡೆಸಬೇಕಿದ್ದರೆ ಬಂಪರಿಗೆ ಹಾಕುವ ಮುಂಚೆ, ರಿಂಗ್ ತೆಗೆದಿಟ್ಟು, ತೆಳ್ಳಗೆ ಹೊಡೆಸಿ. ಕೆಲವು ಕಾರುಗಳಲ್ಲಿ ಬಂಪರಿನ ಕೆಳಗಿನಿಂದ ಕೈ ತೂರಿಸಿ ಲಾಕ್ ಒತ್ತಿದರೆ ಸೆನ್ಸರ್ ಬರುತ್ತದೆ. ಕೆಲವಕ್ಕೆ ಬಂಪರನ್ನೇ ಇಳಿಸಬೇಕು. ವಾರಂಟಿ ಇರುವ ಕಾರಿನ, ಬಂಪರಿನೊಳಗೆ ರೇಡಾರ್ ಇರುವ ಕಾರಿನ ಬಂಪರ್ ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ರೇಡಾರಿನ ಕೋನ ಸ್ವಲ್ಪ ಜರುಗಿದರೂ ಅದು ತಪ್ಪು ತಪ್ಪು ಎಚ್ಚರಿಕೆ ಕೊಡುತ್ತದೆ.

ಕೆಲಸ ಮುಗಿದ ಮೇಲೆ ಒಂದು ದೊಡ್ಡ ರಟ್ಟಿನ ತುಂಡು ಹಿಡಿದುಕೊಂಡು ಒಂದೊಂದು ಸೆನ್ಸರಿನ ನೇರಕ್ಕೆ ನಿಲ್ಲಿ. ಕಾರು ಮೊದಲು ಹೇಳಿದ ಹಾಗೆಯೇ ಎಂಜಿನ್ ಆಫ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಕಲ್ಲು. ಒಂದೂವರೆ ಮೀಟರಿನಿಂದ ಮೆಲ್ಲಗೆ ಹತ್ತಿರ ತಂದಾಗ ಬೀಪ್ ಒಂದೇ ಹದದಲ್ಲಿ ಬಿರುಸಾಗುತ್ತಾ ಬರಬೇಕು. ನಾಲ್ಕೂ ಸೆನ್ಸರಿನಲ್ಲಿ ಹಾಗೆ ಬಂದರೆ ರಿಪೇರಿ ಸರಿಯಾಗಿದೆ.

ಸರಿಯಾಗಿರುವ ಸೆನ್ಸರಿಗೂ ಕಾಣದ ವಸ್ತುಗಳಿವೆ, ಅವುಗಳನ್ನು ದೋಷ ಅಂತ ಲೆಕ್ಕ ಹಾಕಬೇಡಿ. 40 ಸಾವಿರ ಅದುರಿಕೆಯ ಸದ್ದಿನ ಅಲೆಯ ಉದ್ದ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ. ಅದಕ್ಕಿಂತ ತೆಳುವಾದ ತಂತಿ ಬೇಲಿ, ಸಣ್ಣ ಸರಪಳಿಯಿಂದ ಸದ್ದು ಸರಿಯಾಗಿ ವಾಪಸ್ ಬರುವುದಿಲ್ಲ. ದಪ್ಪ ಬಟ್ಟೆ ಸದ್ದನ್ನು ಹೀರಿಕೊಳ್ಳುತ್ತದೆ. ಉಲ್ಲನ್ ಸ್ವೆಟರ್ ಹಾಕಿದ ಪುಟ್ಟ ಮಗು ಹಿಂದೆ ಕೂತಿದ್ದರೆ ಸೆನ್ಸರ್ ಕೂಗದೇ ಇರಬಹುದು. ಮನೆ ಅಂಗಳದಿಂದ ಕಾರು ತೆಗೆಯುವಾಗ ಇಳಿದು ಹಿಂದೆ ನೋಡಿಯೇ ಹತ್ತಬೇಕು. ಕಬ್ಬಿನ ಕಟಾವಿನ ಕಾಲದಲ್ಲಿ ಮಂಡ್ಯ ಕಡೆಯ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಚಾಚಿಕೊಂಡಿರುವ ಕಬ್ಬು ನಿಮ್ಮ ಹಿಂದಿನ ಗಾಜಿನ ಎತ್ತರಕ್ಕೆ ಇರುತ್ತದೆ. ಬಂಪರಿನಲ್ಲಿರುವ ಸೆನ್ಸರಿಗೆ ಅದು ಸಿಗುವುದೇ ಇಲ್ಲ.

ಇಷ್ಟೆಲ್ಲ ಮಾಡಿಯೂ ಪತ್ತೆಯಾಗದಿದ್ದರೆ, ಕಾರಿನ ಕಂಪ್ಯೂಟರಿನಲ್ಲಿರುವ ದೋಷದ ಕೋಡ್ ಓದುವ ಸ್ಕ್ಯಾನರ್ ಇರುವ ವರ್ಕ್‌ಶಾಪಿಗೆ ಹೋಗಿ. ಆನ್‌ಲೈನ್‌ನಲ್ಲಿ ಸಿಗುವ, ಕಾರಿಗೆ ಚುಚ್ಚಿ ಕೋಡ್ ಓದುವ ಅಗ್ಗದ ಓಬಿಡಿ ಡಾಂಗಲ್‌ಗಳು ಬಹುಪಾಲು ಎಂಜಿನ್ ಕೋಡ್ ಮಾತ್ರ ಓದುತ್ತವೆ, ಪಾರ್ಕಿಂಗ್ ಮಾಡ್ಯೂಲಿನ ಕೋಡ್ ಓದುವುದಿಲ್ಲ. ಹೋಗುವಾಗ ಯಾವ ಮೂಲೆಯ ಸೆನ್ಸರ್, ಯಾವ ಹೊತ್ತಿನಲ್ಲಿ ಕೂಗುತ್ತದೆ, ಅದಲು ಬದಲು ಮಾಡಿದಾಗ ಏನಾಯಿತು, ಕನೆಕ್ಟರಿನಲ್ಲಿ ಎಷ್ಟು ವೋಲ್ಟ್ ಬಂತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೆಕ್ಯಾನಿಕ್ ನೇರ ಅಲ್ಲಿಂದಲೇ ಕೆಲಸ ಶುರು ಮಾಡಬಹುದು. ನಾಲ್ಕೂ ಸೆನ್ಸರ್ ಬದಲಿಸಿಬಿಡೋಣ ಅಂತ ಯಾರಾದರೂ ಹೇಳಿದರೆ, ಯಾಕೆ ಅಂತ ಆ ಚೀಟಿ ತೋರಿಸಿ ಕೇಳಬಹುದು.